ಹುಳುಮನೆ ಬಾಗಿಲಲ್ಲಿ ಒಂದು ಬಕೆಟ್ ನೀರು

ಮೂರು ವಾರದ ಹಿಂದೆ ನಮ್ಮೂರ ಹಾಲಿನ ಡೈರಿ ಮುಂದೆ, ಕ್ಯಾನ್ ಹಿಡಿದು ನಿಂತ ಅಷ್ಟೂ ಜನರ ಎದುರು ನಾನೊಂದು ತಪ್ಪು ಒಪ್ಪಿಕೊಂಡೆ. ಒಬ್ಬರೂ ನಂಬಲಿಲ್ಲ.

ತಪ್ಪು ಮಾಡಿಲ್ಲ ಅಂದಾಗ ಜನ ನಂಬದಿರುವುದು ಮಾಮೂಲಿ. ಮಾಡಿದ್ದೇನೆ ಅಂದರೂ ನಂಬದಿದ್ದರೆ? ಎಪ್ಪತ್ತು ದಾಟಿದ ಮನುಷ್ಯ, ಬೆಳಗಿನ ಚಳಿಯಲ್ಲಿ, 'ನಾನೇ ಕೆಡಿಸಿದ್ದು, ನಂಬ್ರಪ್ಪಾ' ಅಂತ ಗೋಗರೆಯುವ ಸ್ಥಿತಿ ನಿಮಗೆ ಯಾವತ್ತಾದರೂ ಬಂದಿದೆಯಾ? ನನಗೆ ಬಂತು. (ಈ ಜಾಗದಲ್ಲಿ ವಾರವಾರ ನಿಮಗೆ ಬುದ್ಧಿ ಹೇಳಿದ್ದೇನೆ. ಒಂದು ವಾರ ನಾನು ಹೇಳಿಸಿಕೊಂಡಿದ್ದನ್ನೂ ಕೇಳಿ.)

ಹೋದ ತಿಂಗಳು ಇಲ್ಲೇ 'ನಾವೆಲ್ಲ ಒಂದೇ' ಅಂತ ಬರೆದಿದ್ದೆ. ಹರಿಯುವ ನೀರಿಗೆ ಬದುವಿಲ್ಲ, ಒಳಗಿರುವ ಆತ್ಮಕ್ಕೆ ಗೋಡೆಯಿಲ್ಲ, ತನ್ನದನ್ನೇ ನೋಡಿಕೊಳ್ಳುವವನು ಅರ್ಧ ಮನುಷ್ಯ, ಹೀಗೆ. ಹತ್ತನೇ ಕ್ಲಾಸ್ ಓದಿದವನಿಗೆ ಇಷ್ಟು ಬರೆಯಲು ಬಂದರೆ ಸಾಲದೇ? ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಹೊಗಳಿದಿರಿ. ನಾನೂ ಹೊಗಳಿಸಿಕೊಂಡೆ.

ಈಗ ಕಥೆಗೆ ಬರುತ್ತೇನೆ.

ನಮ್ಮದು ವಿರೂಪಾಕ್ಷಿಪುರ ಹೋಬಳಿಯ ಸಣ್ಣ ಊರು. ಹಿತ್ತಿಲಿಗೊಂದು ಹುಳುಮನೆ. ರೇಷ್ಮೆ ಸಾಕುವವರಿಗೆ ಒಬ್ಬರಿಗೊಬ್ಬರು ಬೇಕೇ ಬೇಕು. ಹುಳು ಹಣ್ಣಾದ ದಿನ ಒಂದೊಂದನ್ನೇ ಆಯ್ದು, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರ ತಟ್ಟಿಗೆ ಬಿಡಬೇಕು. ಒಂದು ಮನೆಯ ಕೈಗಳಿಂದ ಆಗುವ ಕೆಲಸವಲ್ಲ. ಇವತ್ತು ನನ್ನ ಮನೆಗೆ ನೀನು, ನಾಳೆ ನಿನ್ನ ಮನೆಗೆ ನಾನು. ಈ ಮುಯ್ಯಾಳಿನಲ್ಲಿ ನಾನು ಎತ್ತಿದ ಕೈ. ಕರೆದರೂ ಹೋಗುತ್ತೇನೆ, ಕರೆಯದಿದ್ದರೂ ಹೋಗುತ್ತೇನೆ.

ಊರಲ್ಲಿ ನನಗೆ ಪ್ರವೇಶ ಇಲ್ಲದ ಹುಳುಮನೆ ಒಂದೇ. ನಮ್ಮದು!

ನನ್ನ ಹೆಂಡತಿ ನಿಂಗಮ್ಮ ಬಾಗಿಲಲ್ಲಿ ಒಂದು ಬಕೆಟ್ ನೀರು ಇಟ್ಟಿದ್ದಾಳೆ, ಪಕ್ಕದಲ್ಲಿ ಒಂದು ತಟ್ಟೆ ಸುಣ್ಣದ ಪುಡಿ. ಹೊರಗಿನಿಂದ ಬಂದವರು ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಕೈಕಾಲು ತೊಳೆದು, ಸುಣ್ಣ ತುಳಿದು ಒಳಗೆ ಹೋಗಬೇಕು. ರೇಷ್ಮೆ ಹುಳುವಿಗೆ ರೋಗ ಹತ್ತುವುದು ಹೀಗೇ, ಕೈಯಿಂದ, ಕಾಲಿಂದ, ಬಟ್ಟೆಯಿಂದ. ಇದು ಗೊತ್ತಿಲ್ಲದ ಮಗು ನಮ್ಮೂರಲ್ಲಿಲ್ಲ. ನನಗೂ ಗೊತ್ತಿತ್ತು. ಆದರೆ ಊರಿನ ನಾಲ್ಕು ಮನೆ ತಿರುಗುವವನು ನಾಲ್ಕು ಸಲ ಸ್ನಾನ ಮಾಡಲು ಆಗುತ್ತಾ?

'ನಂದು, ನಂದು ಅಂತ ಬಾಗ್ಲು ಕಾಯ್ತೀಯಲ್ಲ, ಇದು ಸ್ವಾರ್ಥ ಅಲ್ವೇನೆ?' ಅಂದಿದ್ದೆ ಒಮ್ಮೆ.

'ಹೂಂ, ಸ್ವಾರ್ಥವೇ. ನೀವು ಊರ್ನೋರು, ಊರ್ನೋರ ಹುಳಾನೇ ನೋಡ್ಕಳಿ. ನನ್ನವನ್ನ ಮಾತಾಡುಸ್ಬೇಡಿ' ಅಂದಳು.

ಇನ್ನು ಜಯಮ್ಮನ ವಿಷಯ. ನಮ್ಮ ಮನೆಯಿಂದ ಮೂರನೇ ಮನೆ. ಹೋದ ವರ್ಷ ಗಂಡ ತೀರಿಕೊಂಡ. ಅವನೂ ಅವನ ಅಣ್ಣ ಶಿವಣ್ಣನೂ ಸೇರಿ ಕಟ್ಟಿಸಿದ ಹುಳುಮನೆಯನ್ನು ಇನ್ನು ತಾನೊಬ್ಬನೇ ನೋಡಿಕೊಳ್ಳುತ್ತೇನೆ ಅಂತ ಶಿವಣ್ಣ ಹೊರಟ. 'ಹೆಂಗ್ಸು ಒಬ್ಳೇ ಹುಳು ಮೇಯ್ಸಿ ಬೆಳೆ ತೆಗೀತಾಳಾ?' ಅನ್ನುವುದು ಅವನ ವಾದ. ಮಾತು ಬೆಳೆದಾಗ ನಡುವೆ ಹೋದವನು ನಾನು. 'ಒಂದು ಬೆಳೆ ಅವಳು ಮಾಡ್ಲಿ ಬಿಡಪ್ಪ. ಕೆಟ್ರೆ ನೀನು ತಗೋ, ಬಂದ್ರೆ ಅವಳಿಗಿರ್ಲಿ' ಅಂದೆ. ಊರು ಹೂಂ ಅಂತು. ಜಯಮ್ಮ ನನ್ನ ಕಾಲು ಮುಟ್ಟಿದಳು. ನಾನು 'ಏಳಮ್ಮ, ಏಳಮ್ಮ' ಅಂದೆ. (ಎರಡನೇ ಸಲ ಅನ್ನುವುದಕ್ಕೆ ಸ್ವಲ್ಪ ತಡ ಮಾಡಿದೆ ಅನ್ನಿಸುತ್ತದೆ. ನಾಲ್ಕು ಜನ ನೋಡುತ್ತಿದ್ದರಲ್ಲ.)

ಅವಳ ಹುಳು ಚೆನ್ನಾಗಿ ಬಂದವು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು, ಎರಡು, ಮೂರು ಜ್ವರ ದಾಟಿ, ನಾಲ್ಕನೆಯದರಿಂದಲೂ ಎದ್ದವು. ಇನ್ನೇನಿದ್ದರೂ ಹೊಟ್ಟೆ ತುಂಬ ತಿಂದು ಗೂಡು ಕಟ್ಟುವುದೊಂದೇ.

ಅದೇ ದಿನ ಬೆಳಿಗ್ಗೆ ನನ್ನ ಸ್ನೇಹಿತ ಬೋರೇಗೌಡ ಓಡಿಬಂದ. ಅವನ ಹುಳುಗಳಿಗೆ ಹಾಲುತೊಂಡೆ ರೋಗ. ಹುಳು ಊದಿಕೊಂಡು, ಚರ್ಮ ಒಡೆದು ಹಾಲಿನಂಥ ರಸ ಸೋರಿ ಸಾಯುವ ರೋಗ ಅದು. ಹೋದೆ. ಸತ್ತವನ್ನೂ ಸಾಯುವವನ್ನೂ ಬರಿಗೈಯಲ್ಲಿ ಆಯ್ದು ಮಂಕರಿಗೆ ತುಂಬಿದೆ, ಗುಂಡಿ ತೆಗೆದು ಹೂತೆ. ಊಟ ಇಲ್ಲ, ಸ್ನಾನ ಇಲ್ಲ. ನಡು ನೋಯುತ್ತಿತ್ತು. 'ಮನೆಗೋಗಿ ಮೈ ತೊಳ್ಕಂಡು ಒಸಿ ಮಲಿಕ್ಕೋ ಹೋಗ್ಲಾ' ಅಂದ ಬೋರ. 'ಮೈ ತೊಳ್ಕಂಡು ಕೂರಾಕೆ ಇದೇನು ಹಬ್ಬಾನಾ? ಆ ಹೆಣ್ಮಗಳು ಒಬ್ಳೇ ಅವ್ಳೆ' ಅಂತ ಸೀದಾ ಜಯಮ್ಮನ ಹುಳುಮನೆಗೆ ನಡೆದೆ.

ಹಸಿದ ಹೊಟ್ಟೆ ಎಷ್ಟು ಹೆಮ್ಮೆ ಕೊಡುತ್ತದೆ ಗೊತ್ತಾ?

ಜಯಮ್ಮ ಬಾಗಿಲಲ್ಲಿದ್ದಳು. ಕಾಲಬುಡದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ.

'ಬೋರಣ್ಣೋರ ಮನೆಯಿಂದ ಬಂದ್ರಾ ಮಾವ?'

'ಹೂಂ ಕಣಮ್ಮ. ಪಾಪ, ಅವನವು ಉಳಿಯಾಂಗಿಲ್ಲ.'

'ಒಸಿ... ನೀರು ತಂದ್ಕೊಡ್ಲಾ? ಕೈಕಾಲಿಗೆ...'

ನಾನು ನಕ್ಕೆ. 'ಬೋರನ ಮನೆ ಬೇರೆ, ನಿನ್ನ ಮನೆ ಬೇರೆ ಅಂತ ಐತೇನಮ್ಮ ನಂಗೆ? ಎಲ್ಲಾ ಒಂದೇ. ತತ್ತಾ ಸೊಪ್ಪು.'

ಅವಳು ಬಾಗಿಲ ಒಂದು ಪಕ್ಕಕ್ಕೆ ಸರಿದಳು. ಆ ಸರಿದಿದ್ದು ಈಗಲೂ ನನ್ನ ಕಣ್ಣ ಮುಂದಿದೆ. ಎಡಗಡೆಯ ಸ್ಟ್ಯಾಂಡಿನ ಹುಳುಗಳಿಗೆಲ್ಲ ನಾನು ಸೊಪ್ಪು ಹಾಕಿದೆ. ಬಲಗಡೆಯವಕ್ಕೆ ಅವಳು ಹಾಕಿದಳು.

ವಾರ ತುಂಬುವುದರೊಳಗೆ ಎಡಗಡೆಯ ಹುಳುಗಳು ಸೊಪ್ಪು ಬಿಟ್ಟು ಅಂಚಿಗೆ ಬಂದು ಅತ್ತಿತ್ತ ಹರಿದಾಡತೊಡಗಿದವು. ಮೈ ಊದಿಕೊಂಡಿತ್ತು. ಮುಟ್ಟಿದರೆ ಹಾಲು. ಜಯಮ್ಮ ಹಗಲೆಲ್ಲ ಆಯ್ದಳು, ಸುಣ್ಣ ಹಾಕಿ ಹೂತಳು. ಬಲಗಡೆಯವು ಹೆಚ್ಚುಕಡಿಮೆ ಉಳಿದವು. ಎಡಗಡೆ ಖಾಲಿ.

ಒಂದು ಬೆಳಿಗ್ಗೆ ಡೈರಿ ಹತ್ತಿರ ಶಿವಣ್ಣ ಎಲ್ಲರಿಗೂ ಕೇಳುವಂತೆ ಶುರುಮಾಡಿದ. 'ಮುಟ್ಟುಚಿಟ್ಟು ನೋಡ್ದೆ ಹುಳುಮನೆಗೆ ನುಗ್ಗಿದ್ರೆ ಇನ್ನೇನಾಯ್ತದೆ? ಹುಳಾನೂ ದೇವ್ರಂಗೆ ಕಣ್ರಪ್ಪ, ಮೈಲಿಗೆ ತಡ್ಯಾಕಿಲ್ಲ. ಮಾತು ಮಾತೇ. ಮುಂದ್ಲ ಬೆಳೆಗೆ ಹುಳುಮನೆ ನಂದು.' ಸರದಿಯಲ್ಲಿ ಜಯಮ್ಮನೂ ಇದ್ದಳು. ಕ್ಯಾನಿನ ಮುಚ್ಚಳ ನೋಡುತ್ತ ನಿಂತಿದ್ದಳು. ಒಬ್ಬಿಬ್ಬರು ನಕ್ಕರು.

ನಾನು? ನಾನೂ ನನ್ನ ಕ್ಯಾನಿನ ಮುಚ್ಚಳವನ್ನೇ ನೋಡಿದೆ. ಹಾಲು ಅಳೆಸಿ ಮನೆಗೆ ಬಂದೆ.

ಮಧ್ಯಾಹ್ನ ಮುದ್ದೆ ಮುಂದೆ ಕೂತಾಗ ನಿಂಗಮ್ಮ ಸಾರು ಬಡಿಸಲಿಲ್ಲ. ಸೌಟು ಕೈಯಲ್ಲೇ ಇತ್ತು.

'ಅವತ್ತು ನಿಮ್ಮ ಪಂಚೆ ಒಗೆದೋಳು ನಾನು. ಹಾಲುತೊಂಡೆ ರಸ ಮೆತ್ಕಂಡು ಕರೆ ಕಟ್ಟಿತ್ತು. ಅದರಲ್ಲೇ ಅವಳ ಮನೆ ಒಳಕ್ಕೋಗಿದ್ರಿ ತಾನೇ?'

'ಸಹಾಯಕ್ಕೆ ಹೋಗಿದ್ದೆ ಕಣೇ.'

'ಸಹಾಯ ಮಾಡಕ್ಕೆ ಓಡೋಗಿದ್ರಿ. ಮಾಡಿದ್ದನ್ನ ಹೇಳಾಕೆ ಕಾಲು ಬರಾಕಿಲ್ವಾ?'

ತಟ್ಟೆ ಸರಿಸಿ ಎದ್ದೆ.

ಮಾರನೇ ದಿನ ಬೆಳಿಗ್ಗೆ ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. 'ಜಯಮ್ಮನ ತಪ್ಪಿಲ್ಲ. ರೋಗದ ಮನೆಯಿಂದ ಕೈ ತೊಳೀದೆ ಹೋಗಿ ಸೊಪ್ಪು ಹಾಕಿದೋನು ನಾನು.'

ಶಿವಣ್ಣ ನಕ್ಕು ಕೈ ಮುಗಿದ. 'ದೊಡ್ಡೋರು ಗೌಡ್ರೇ ನೀವು! ಅವಳನ್ನ ಉಳ್ಸಾಕೆ ತಪ್ಪು ಮೈಮೇಲೆ ಹಾಕ್ಕಂತೀರಲ್ಲ, ಇಂಥೋರು ಎಲ್ಲವ್ರೆ ಈ ಕಾಲ್ದಲ್ಲಿ?' ಹಿಂದಿನಿಂದ ಇನ್ನೊಬ್ಬರು, 'ಪೇಪರ್ನಾಗೆ ಬರಿಯೋದಲ್ಲ, ಮಾಡಿ ತೋರುಸ್ತಾರೆ' ಅಂದರು. ತಲೆಗಳು ಹೌದು ಹೌದು ಅಂತ ಆಡಿದವು.

ನೋಡಿ, ಎಂಥ ಗುಂಡಿ! ಇಷ್ಟು ವರ್ಷ ಉಪಕಾರಿ ಅನ್ನಿಸಿಕೊಂಡಿದ್ದಕ್ಕೆ ನನ್ನ ತಪ್ಪೊಪ್ಪಿಗೆಯೂ ಉಪಕಾರವಾಗಿಬಿಟ್ಟಿತು. ಸುಮ್ಮನಿದ್ದರೆ ನನಗೆ ಇನ್ನೊಂದು ಹೊಗಳಿಕೆ, ಜಯಮ್ಮನಿಗೆ ಹುಳುಮನೆ ಬಾಗಿಲಿಗೆ ಬೀಗ. ಸುಳ್ಳು ಯಾಕೆ ಹೇಳಲಿ, ಆ ಹೊಗಳಿಕೆ ಆಗಲೂ ಒಂದು ಕ್ಷಣ ಹಿತವಾಗಿತ್ತು.

ಕಾಪಾಡಿದವನು ಬೋರೇಗೌಡ. ಸರದಿಯ ಕೊನೆಯಲ್ಲಿದ್ದವನು ಕ್ಯಾನ್ ಕೆಳಗಿಟ್ಟ. 'ಲೋ ಶಿವ, ದೊಡ್ಡೋನೂ ಅಲ್ಲ ಗಿಡ್ಡೋನೂ ಅಲ್ಲ. ನನ್ನ ಹುಳ ಎತ್ತಾಕಿ, ಆ ಕೈಯ ಪಂಚೆಗೆ ಒರೆಸ್ಕಂಡು ಹಂಗೇ ಹೊಂಟೋದ. ಮೈ ತೊಳ್ಕಳ್ಲಾ ಅಂದೆ, ಇದೇನು ಹಬ್ಬಾನಾ ಅಂದ. ನಾನೇ ಸಾಕ್ಷಿ.'

'ಎಡಗಡೆ ಸ್ಟ್ಯಾಂಡಿಗೆ ಸೊಪ್ಪು ಹಾಕಿದ್ದು ನಾನು. ಹೋಗಿ ನೋಡ್ರಿ, ಯಾವ ಕಡೆ ಹೋಗೈತೆ ಅಂತ' ಅಂದೆ.

ಎಲ್ಲರೂ ಹುಳು ಸಾಕುವವರೇ. ಇನ್ನು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ನನ್ನನ್ನು ನೋಡಿಯೇ ನಕ್ಕರು. 'ಗೌಡ್ರು ಊರಿಗೆಲ್ಲ ಸಮಾನವಾಗಿ ಹಂಚಿದ್ರು ಬಿಡಪ್ಪ' ಅಂದ ಒಬ್ಬ. ನನ್ನ ಜೀವಮಾನದಲ್ಲಿ ಅಷ್ಟು ನ್ಯಾಯವಾದ ನಗು ಕೇಳಿಲ್ಲ. ಶಿವಣ್ಣ ಮುಖ ಗಂಟು ಹಾಕಿಕೊಂಡ. ಆದರೂ ಊರ ಮುಂದೆ, 'ಹಂಗಾದ್ರೆ ಇನ್ನೊಂದು ಬೆಳೆ ಮಾಡ್ಲಿ. ಅದೇ ಲೆಕ್ಕ' ಅಂದ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮತ್ತೆ ಹೀರೋ. ಆದರೆ ಅವತ್ತು ದಾರಿಯಲ್ಲಿ ಜಯಮ್ಮನ ಜೊತೆ ನಡೆಯುತ್ತ ಕೇಳಿದೆ. 'ಗೊತ್ತಿತ್ತಲ್ಲಮ್ಮ ನಿಂಗೆ. ಆಚೆ ನಿಲ್ಲಿ ಅಂತ ಯಾಕೆ ಅನ್ಲಿಲ್ಲ? ನೆನ್ನೆ ಶಿವಣ್ಣ ಅಷ್ಟು ಅಂದಾಗ್ಲಾದ್ರೂ ಹೇಳ್ಬೋದಿತ್ತು.'

ಅವಳು ನಡಿಗೆ ನಿಲ್ಲಿಸಲಿಲ್ಲ. 'ಹುಳುಮನೆ ಉಳಿದಿದ್ದೇ ನಿಮ್ಮ ಮಾತಿಂದ. ಯಾವ ಬಾಯಲ್ಲಿ ಆಚೆ ನಿಲ್ಲಿ ಅನ್ಲಿ ಮಾವ? ನೀವು ಏನೂ ಮಾಡ್ದೇ ಇದ್ದಿದ್ರೆ ಅಂದಿರ್ತಿದ್ದೆ.'

ಕೋಪದಿಂದ ಅಂದಿದ್ದಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಅಂದಳು. ನನ್ನ ಮನೆ ತಿರುವು ಬಂತು. ಅವಳು ಮುಂದೆ ಹೋದಳು.

ನಾನು ರೋಗವನ್ನು ಒಯ್ದಿದ್ದು ಒಂದು ದಿನ. ಆದರೆ ಅವಳ ಬಾಯಿ ಕಟ್ಟಿದ್ದು ಅದಕ್ಕೂ ಮುಂಚೆ, ಅವಳ ಪರವಾಗಿ ಮಾತಾಡಿದ ದಿನವೇ. ಅವಳು ಕಾಲು ಮುಟ್ಟಿದಾಗ ತಡ ಮಾಡಿದೆನಲ್ಲ, ಆಗ. ನಿಂಗಮ್ಮನಿಗೆ ನನ್ನ ಉಪಕಾರ ಏನೂ ಆಗಿಲ್ಲ. (ಮದುವೆಯಾಗಿದ್ದು ಉಪಕಾರ ಅಂತ ಅವಳು ಒಪ್ಪುವುದಿಲ್ಲ.) ಅದಕ್ಕೇ ಅವಳು ಬಾಗಿಲಲ್ಲಿ ತಡೆಯಬಲ್ಲಳು. ಅದಕ್ಕೇ ನಮ್ಮ ಹುಳುಗಳಿಗೆ ಏನೂ ಆಗಲಿಲ್ಲ.

ಹಾಗಾದರೆ ಹೋದ ತಿಂಗಳು ಬರೆದಿದ್ದು ಸುಳ್ಳಾ? ಅಲ್ಲ. ನಾವೆಲ್ಲ ಒಂದೇ, ಇವತ್ತಿಗೂ ಬರೆದುಕೊಡುತ್ತೇನೆ. ಆತ್ಮಕ್ಕೆ ಗೋಡೆ ಇಲ್ಲ ಅಂತ ನಾನು ಪದ ಕಟ್ಟುತ್ತಿದ್ದಾಗ, ಹಾಲುತೊಂಡೆ ಅದನ್ನು ಮಾಡಿಯೇ ತೋರಿಸಿತು. ಅದಕ್ಕೆ ಬೋರನ ಮನೆ, ಜಯಮ್ಮನ ಮನೆ ಎಂಬ ಭೇದ ಇರಲಿಲ್ಲ. ನಡುವೆ ಸೇತುವೆಯಾಗಿ ನಾನಿದ್ದೆ. ನಾವೆಲ್ಲ ಒಂದೇ ಆಗಿರುವುದರಿಂದಲೇ ನನ್ನ ಕೈ ನನ್ನೊಬ್ಬನ ಕೈಯಲ್ಲ. ಅದನ್ನು ತೊಳೆಯುವುದು ನನ್ನ ಸ್ವಂತದ ಕೆಲಸವೂ ಅಲ್ಲ. ಅವತ್ತು ಮನೆಗೆ ಹೋಗಿ, ಎರಡು ಚೊಂಬು ಬಿಸಿನೀರು ಹಾಕಿಕೊಂಡು, ಅರ್ಧ ಮುದ್ದೆ ಉಂಡು, ಕಾಲು ಚಾಚಿ ಮಲಗಿದ್ದರೆ ಸಾಕಿತ್ತು. ಜಯಮ್ಮನಿಗೆ ನಾನು ಮಾಡಬಹುದಾಗಿದ್ದ ಸೇವೆ ಅಷ್ಟೇ.

ಅದರಲ್ಲಿ ಹೆಸರು ಬರುವುದಿಲ್ಲ, ಬಿಡಿ. ಮಧ್ಯಾಹ್ನ ಮಲಗಿದವನನ್ನು ಪರೋಪಕಾರಿ ಅಂತ ಯಾರು ಕರೆಯುತ್ತಾರೆ? ಅದಕ್ಕೇ ನಾನು ಮಲಗಲಿಲ್ಲ.

ಇನ್ನು ಮನೆಯಲ್ಲೇ ಕೂರ್ತೀಯೇನ್ಲಾ ಅಂತ ಕೇಳಿದ ಬೋರ. ಕೂರುವುದಿಲ್ಲ. ಮೈ ಹುಷಾರಾಗಿಟ್ಟುಕೊಂಡು ಹೋಗುತ್ತೇನೆ, ಕರೆದ ಕಡೆ ಹೋಗುತ್ತೇನೆ. ಬಾಗಿಲಲ್ಲಿ ನಿಂತು ಒಂದು ಮಾತು ಕೇಳುತ್ತೇನೆ. ಇಷ್ಟನ್ನು ಕಲಿಯಲು ಎಪ್ಪತ್ತು ವರ್ಷ ಬೇಕಿತ್ತಾ ಅಂದರೆ, ಹೌದು, ನನಗೆ ಬೇಕಿತ್ತು.

ಬಲಗಡೆ ಉಳಿದ ಹುಳುಗಳ ಗೂಡನ್ನು ಜಯಮ್ಮ ತಾನೇ ರಾಮನಗರದ ಮಾರುಕಟ್ಟೆಗೆ ಒಯ್ದು ಬಂದಳು. ಹುಳುಮನೆಗೆಲ್ಲ ಸುಣ್ಣ ಬಳಿದು, ಮತ್ತೆ ಮರಿಹುಳು ತಂದಿದ್ದಾಳೆ. ನಿನ್ನೆ ಹೋಗಿದ್ದೆ. ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು. ಬಾಗಿಲಲ್ಲಿ ಹೊಸ ಬಕೆಟ್, ತುಂಬ ನೀರು. ನಾನು ಬಗ್ಗಿ ಚೊಂಬು ತೆಗೆದುಕೊಳ್ಳುವಷ್ಟರಲ್ಲಿ ಒಳಗಿಂದ ಧ್ವನಿ ಬಂತು.

'ಇವತ್ತು ಬ್ಯಾಡಿ ಮಾವ. ಮರಿ ಇನ್ನೂ ಎಳೇವು. ನಾಕು ದಿನ ಬುಟ್ಟು ಬನ್ನಿ.'

ಚೊಂಬು ಅಲ್ಲೇ ಇಟ್ಟು ವಾಪಸ್ ಬಂದೆ. ದಾರಿಯುದ್ದಕ್ಕೂ ನನಗೆ ಎಂಥ ಸಮಾಧಾನ ಅಂತೀರಿ!

ನೀವು ಉಪಕಾರ ಮಾಡಿದ ಮನೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನಿಮ್ಮನ್ನು ಬಾಗಿಲಿಂದಲೇ ವಾಪಸ್ ಕಳಿಸುವ ಧೈರ್ಯ ಅಲ್ಲಿ ಯಾರಿಗಾದರೂ ಉಳಿದಿದೆಯಾ?