ಅಕ್ಕ ಹಕ್ಕರಿಕಿ ತಿಂದ ದಿನ

ನಾನು ಚಿಕ್ಕವನಿದ್ದಾಗ ಸೊಲ್ಲಾಪುರದ ಕಡೆಯ ಹನ್ನೂರಿನ ನಮ್ಮ ಹೊಲದಲ್ಲಿ ನಡೆದದ್ದು ಇದು. ಹೀಗೆಯೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ಕಾಲೇಜಿನಲ್ಲಿ ವಿಜ್ಞಾನ ಓದಿದ ಮೇಲೆ ನನಗೆ ಎಲ್ಲದರ ಮೇಲೂ ಸಂಶಯ, ನನ್ನ ನೆನಪಿನ ಮೇಲಂತೂ ಇನ್ನೂ ಹೆಚ್ಚು. ಅಂದು ನಾವು ಹೋದ ಬಂಡಿಗೆ ಕಟ್ಟಿದ್ದು ಬಿಳಿ ಎತ್ತೋ ಕಂದು ಎತ್ತೋ, ಅದೂ ಈಗ ಖಚಿತವಿಲ್ಲ.

ಅಕ್ಕ ಆಗಷ್ಟೇ ವಿಷಮಶೀತ ಜ್ವರದಿಂದ ಎದ್ದಿದ್ದಳು. ಸೊಲ್ಲಾಪುರದ ಡಾಕ್ಟರರ ಔಷಧಕ್ಕೆ ಜ್ವರ ಇಳಿದಿತ್ತು, ಹಸಿವು ಮಾತ್ರ ಮರಳಿರಲಿಲ್ಲ. ಗಂಜಿ ತಂದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಹೀಗೇ ಆದರೆ ಹುಡುಗಿ ಉಳಿಯುವುದು ಕಷ್ಟ ಎಂದು ದೊಡ್ಡವರು ಪಿಸುಗುಟ್ಟಿದ್ದು ನನಗೂ ಕೇಳಿಸಿತ್ತು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಭೂಮಿತಾಯಿಯನ್ನು ಬಸುರಿ ಎಂದು ಭಾವಿಸಿ, ಹೊಲಕ್ಕೆ ಅಡುಗೆ ಒಯ್ದು ಅವಳಿಗೆ ಉಣಿಸಿ ನಾವೂ ಉಣ್ಣುತ್ತೇವೆ. ಅಪ್ಪ ಬಂಡಿಯಲ್ಲಿ ಕೌದಿ ಹಾಸಿ ಅಕ್ಕನನ್ನು ಮಲಗಿಸಿದ. ಪಕ್ಕದಲ್ಲಿ ಗಂಜಿಯ ತಂಬಿಗೆ ಇಟ್ಟ.

ನಮ್ಮದು ಒಂದೇ ಬೆಳೆಯ ಹೊಲವಾಗಿರಲಿಲ್ಲ. ಬಿಳಿಜೋಳದ ನಡುವೆ ಕಡಲೆ, ಅಗಸೆ. ದನ ನುಗ್ಗದಂತೆ ಸುತ್ತ ಮುಳ್ಳಿನ ಕುಸುಬೆ. ಬೇಸಿಗೆಯಲ್ಲಿ ಕುರುಬರು ಕುರಿಗಳನ್ನು ರಾತ್ರಿ ನಿಲ್ಲಿಸಿ ಗೊಬ್ಬರ ಕೊಟ್ಟು ಹೋದ ನೆಲ ಅದು. ಸಾಲುಗಳ ಸಂದಿಯಲ್ಲಿ ಯಾರೂ ಬಿತ್ತದ ಹಕ್ಕರಿಕಿ ಸೊಪ್ಪು ಮಣ್ಣಿಗೆ ಅಂಟಿಕೊಂಡು ಹಸಿರಾಗಿ ಹರಡಿತ್ತು. ಬಿಸಿಲಿಗೆ ಇಬ್ಬನಿ ಆರುತ್ತಿತ್ತು. ಬುಟ್ಟಿಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ ಬರುತ್ತಿತ್ತು.

ಅಜ್ಜಿ ಚರಗ ಚೆಲ್ಲಲು ಹೊರಟಳು. ಎಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ, ಹಕ್ಕಿ ಹುಳಗಳಿಗೂ ಪಾಲಿರಲೆಂದು ಹೊಲದ ಸುತ್ತ ಎರಚುವುದು. ನಾವೆಲ್ಲ ಕೂಗುತ್ತ ಅವಳ ಹಿಂದೆ ಓಡಿದೆವು. ತಿರುಗಿ ಬಂದಾಗ ಅಕ್ಕ ಬಂಡಿಯಲ್ಲಿರಲಿಲ್ಲ! ಜೋಳದ ಬುಡದಲ್ಲಿ ಕುಳಿತು, ಹಕ್ಕರಿಕಿ ಕಿತ್ತು, ರೊಟ್ಟಿಯಲ್ಲಿ ಸುತ್ತಿ ಕರಕರ ಅಗಿಯುತ್ತಿದ್ದಳು.

"ಏ, ಉಗುಳವ್ವಾ!" ಅಪ್ಪ ಓಡಿದ. "ಹಸೀದು ಏನೂ ಕೊಡಬ್ಯಾಡ ಅಂದಾರ ಡಾಕ್ಟರು."

"ತಿನ್ಲಿ ಬಿಡೋ. ಇಷ್ಟು ದಿನದಾಗ ಇವತ್ತ ತಾನಾಗೇ ಬಾಯಿಗೆ ಇಟ್ಟಾಳ," ಎಂದಳು ಅಜ್ಜಿ.

"ನಾಳಿ ಮತ್ತ ಜ್ವರ ಬಂದ್ರ? ನೀ ಹೊತಗೊಂಡು ಹೋಗ್ತಿ ಸೊಲ್ಲಾಪುರಕ್ಕ?"

"ನಿನ್ನಂಥಾ ಕ್ವಾಣನ್ನ ಹೊತ್ತು ತಿರುಗೀನಿ, ಈ ಗುಬ್ಬಿ ಭಾರ ಆಗ್ತದೇನು ನನಗ?"

ಅಕ್ಕ ಉಗುಳಲಿಲ್ಲ. ಅಪ್ಪನನ್ನೇ ನೋಡುತ್ತ ಮೆಲ್ಲಗೆ ಅಗಿದಳು. ಅಪ್ಪ ಉಳಿದ ಸೊಪ್ಪನ್ನು ಅವಳ ಕೈಯಿಂದ ತೆಗೆದುಕೊಂಡು, "ತೊಳಕೊಂಡಾದ್ರೂ ತಿನ್ನವ್ವ," ಎನ್ನುತ್ತ ಬಾವಿಯ ಕಡೆ ನಡೆದ. ಒಂದೊಂದೇ ಎಲೆ ಬಿಡಿಸಿ ತೊಳೆದು ತಂದುಕೊಟ್ಟ. ಗಂಜಿಯನ್ನು ಕೊನೆಗೆ ಅವನೇ ಕುಡಿದ.

ಈಗ ನನ್ನ ಮೊಮ್ಮಕ್ಕಳು ಸೊಲ್ಲಾಪುರದ ವಿಜಾಪುರ ರಸ್ತೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿದ್ದಾರೆ. ಅವರ ಮನೆಗೆ ಸೊಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಮಣ್ಣಿನ ವಾಸನೆಯೂ ಇರುವುದಿಲ್ಲ. ಆದರೆ ನನ್ನ ಮಗಳು ಹನ್ನೂರಿನ ಹೊಲದ ಒಂದು ಮೂಲೆಯಲ್ಲಿ ಮತ್ತೆ ಹತ್ತಾರು ಬೆಳೆ ಕೂಡಿಸಿ ಹಾಕಿದ್ದಾಳೆ. ಅದಕ್ಕೆ ಪರ್ಮಾಕಲ್ಚರ್ ಎನ್ನುತ್ತಾಳೆ. ಮೊದಲ ಸಲ ಹಕ್ಕರಿಕಿ ಕೊಟ್ಟಾಗ ಮೊಮ್ಮಗಳು ಮರಾಠಿಯಲ್ಲಿ, "ಆಜೋಬಾ, ಹೇ ತರ್ ಗವತ್ ಆಹೇ!" ಎಂದಳು, ಅಜ್ಜಾ, ಇದು ಬರೀ ಹುಲ್ಲು ಎಂದು. ಈಗ ರವಿವಾರ ಬಂದರೆ ಅವಳೇ ಮೊದಲು ಚಪ್ಪಲಿ ಬಿಟ್ಟು ಹೊಲಕ್ಕಿಳಿಯುತ್ತಾಳೆ.

ಸೊಪ್ಪೇ ಅಕ್ಕನನ್ನು ಉಳಿಸಿತು ಎಂದು ನಾನು ಹೇಳುವುದಿಲ್ಲ. ಜ್ವರ ಇಳಿಸಿದ್ದು ಔಷಧ. ಹಸಿವನ್ನು ಎಬ್ಬಿಸಿದ್ದು ಸೊಪ್ಪೋ, ಬಿಸಿಲೋ, ಗಾಳಿಯೋ, ಎಲ್ಲರೂ ಕೂಡಿ ಉಂಡದ್ದೋ, ಬೇರೆ ಮಾಡಿ ತೋರಿಸಲು ನನಗೆ ಬರುವುದಿಲ್ಲ. ಒಂದನ್ನು ಮಾತ್ರ ಕೇಳಿ ತಿಳಿಯಬಹುದಿತ್ತು. ಅಕ್ಕ ಈಗ ಮಂದ್ರೂಪ ಊರಿನಲ್ಲಿದ್ದಾಳೆ. ಹೋದ ವಾರ ಫೋನ್ ಮಾಡಿ, ಮರುದಿನ ಜ್ವರ ಮರಳಿತ್ತೇ ಎಂದು ಕೇಳಿದೆ.

"ಎಲ್ಲೀ ಜ್ವರಾನೋ ಹುಚ್ಚಾ," ಎಂದು ನಕ್ಕಳು. "ಮುಂಜಾನೆದ್ದು ಮತ್ತ ರೊಟ್ಟಿ ಕೇಳಿದ್ದೆ."