ಕಪಾಟಿನ ಬಾಗಿಲೂ ಕಪ್ಪು ಪರದೆಯೂ

ನಮ್ಮಕ್ಕನ ಗಂಡ ಕಪಾಟಿನ ಕಾರ್ಖಾನೆಯಲ್ಲಿ ಕೊರೆಯುವ ಮೆಷಿನ್ ನಡೆಸುತ್ತಾರೆ. ಪಕ್ಕದ ಮೇಜಿನಲ್ಲಿ ನಾನು ಬಾಗಿಲಿಗೆ ಕೀಲು ಕೂರಿಸುತ್ತೇನೆ. ಮೆಷಿನ್‌ಗೆ ಎಲ್ಲಿ, ಎಷ್ಟು ಆಳ ಕೊರೆಯಬೇಕೆಂದು ಹೇಳುವುದು ಕಂಪ್ಯೂಟರಿನ ಫೈಲು. ಭಾವ ಫೈಲಿಗಿಡುತ್ತಿದ್ದ ಹೆಸರುಗಳೋ ದೇವರಿಗೇ ಪ್ರೀತಿ: 'ಬಾಗಿಲು ಕೊನೆ', 'ಬಾಗಿಲು ಕೊನೆಯ ಕೊನೆ', 'ಇದೇ ಸರಿ', 'ಇದಲ್ಲ'. ಒಂದು ದಿನ 'ಇದಲ್ಲ' ಹಾಕಿ ಹನ್ನೊಂದು ಹಲಗೆ ಹಾಳು ಮಾಡಿದರು.

"ಇನ್ನೊಂದು ಸಲ ಹೀಗಾದ್ರೆ ಮನೆ ದಾರಿ ಹಿಡೀರಿ," ಅಂದರು ಮಾಲೀಕರು. ಅವರು ಜೀವನದಲ್ಲಿ ತಪ್ಪೇ ಮಾಡದ ಮಹಾನುಭಾವರು!

ಕಂಪ್ಯೂಟರ್ ರಿಪೇರಿಗೆ ಬರುವ ಹುಡುಗಿ, ಫೈಲಿನ ಹಳೇ ರೂಪಗಳನ್ನೆಲ್ಲ ಜೋಪಾನವಾಗಿಡುವ 'ಗಿಟ್' ಅನ್ನೋ ಸಾಫ್ಟ್‌ವೇರ್ ಹೇಳಿಕೊಟ್ಟಳು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್‌ಗೆ ರಜೆ. 'ಗಿಟ್ ಇನಿಟ್' ಅಂದರೆ ಆ ಫೋಲ್ಡರಿನ ಕಾವಲು ಶುರು. 'ಆ್ಯಡ್' ಅಂದರೆ ಬದಲಾದ ಫೈಲನ್ನು ಎತ್ತಿಡು. 'ಕಮಿಟ್' ಅಂದರೆ ಅದನ್ನು ಒಂದು ಟಿಪ್ಪಣಿ ಜೊತೆ ಉಳಿಸು. ಮೊದಲ ದಿನವೇ ಭಾವ ಟಿಪ್ಪಣಿ ಮರೆತು ಕಮಿಟ್ ಹೊಡೆದರು. ಬೇರೇನೋ ಪರದೆ ತೆರೆಯಿತು, ಹೊರಗೆ ಬರೋ ದಾರಿ ಕಾಣಲಿಲ್ಲ. ಪ್ಲಗ್ಗನ್ನೇ ಕಿತ್ತರು.

"ಟಿಪ್ಪಣಿ ಚಿಕ್ಕದಾಗಿರ್ಲಿ ಅಂಕಲ್," ಅಂದಳು ಹುಡುಗಿ.

ಚಿಕ್ಕದಾಗಿ! ಹಾಲು ತರಲು ಹೋದ ಕತೆಯನ್ನೂ ಅರ್ಧ ಗಂಟೆ ಹೇಳುವ ಮನುಷ್ಯ. ಎರಡೇ ಬೆರಳಲ್ಲಿ ಟಕ್ ಟಕ್ ಅಂತ ಪುರಾಣ ಬರೆಯುತ್ತಿದ್ದರು. ನನಗೆ ಮೈಯೆಲ್ಲಾ ಉರಿ. "ಭಾವ, ಬಾಗಿಲು ಕೊರೀತೀರೋ, ಕಾದಂಬರಿ ಬರೀತೀರೋ?"

"ನಿಂಗ್ಯಾಕೋ? ಕೀಲು ಕೂರಿಸು."

ಮುಂದಿನ ವಾರ ನಾಲ್ಕು ಬಾಗಿಲಿನ ಕೀಲಿನ ಗುಂಡಿ ಆಚೆ ಕಡೆಗೇ ತೂತಾಗಿ ಬಂತು. ಮಾಲೀಕರು ಎಲ್ಲರ ಮುಂದೆ ಕೂಗಿದರು, "ಸಾಕು, ಇವತ್ತೇ ಕೊನೆ!"

ನನ್ನ ಕೈ ಸುತ್ತಿಗೆ ಹಿಡಿದಿತ್ತು, ಪುಣ್ಯಕ್ಕೆ ಅಲ್ಲೇ ನಿಂತಿತು.

"ಸಾರ್, ಒಂದ್ನಿಮಿಷ," ಅಂದು ಭಾವ 'ಗಿಟ್ ಲಾಗ್' ಒತ್ತಿದರು. ಉಳಿಸಿದ ಟಿಪ್ಪಣಿಗಳೆಲ್ಲ ಸಾಲಾಗಿ ಬಂದವು. ಮೇಲಿನದನ್ನು ಮಾಲೀಕರೇ ಗಟ್ಟಿಯಾಗಿ ಓದಿದರು:

"ಗುಂಡಿಯ ಆಳ ಹನ್ನೆರಡು ಮಿಲಿಮೀಟರಿನಿಂದ ಇಪ್ಪತ್ತಕ್ಕೆ ಏರಿಸಿದೆ. ಕೀಲು ಒಳಗೆ ಕೂರಲ್ಲ ಅಂತ ಮಾಲೀಕರು ಮಾಡಿಸಿದರು. ಹಲಗೆಯ ದಪ್ಪವೇ ಹದಿನೆಂಟು ಅಂದೆ. ನಿನಗಿಂತ ನನಗೆ ಗೊತ್ತು ಅಂದರು..."

ಕೊನೆಕೊನೆಗೆ ಅವರ ದನಿ ಇಳಿಯಿತು. ಓದಲು ಶುರು ಮಾಡಿದ್ದೇ ತಪ್ಪಾಯಿತು ಅನ್ನಿಸಿರಬೇಕು, ಪಾಪ.

"ಇದನ್ನ ಅಳಿಸೋಕೆ ಬರುತ್ತೇನ್ರೀ?"

"ಅದು ಇನ್ನೂ ಕಲ್ತಿಲ್ಲ ಸಾರ್. ಹಳೇ ಆಳ ವಾಪಸ್ ತರೋಕೆ ಬರುತ್ತೆ."

"ತನ್ನಿ ಮತ್ತೆ, ನೋಡ್ತಾ ಕೂತ್ಕೊಂಡ್ರೆ?"

ಭಾವ ಒಂದು ಸಾಲು ಹೊಡೆದರು, ಹನ್ನೆರಡು ವಾಪಸ್ ಬಂತು. ಐದನೇ ಬಾಗಿಲಿನ ಗುಂಡಿಯಲ್ಲಿ ನಾನೇ ಬೆರಳಿಟ್ಟು ನೋಡಿದೆ, ತಳ ಗಟ್ಟಿಯಾಗಿತ್ತು. ಭಾವನ ಕೆಲಸ ಉಳಿಯಿತು. ಮಾಲೀಕರು ಕ್ಷಮೆ ಕೇಳಿದರೇ? ಅದಕ್ಕೆ ಗಿಟ್‌ನಲ್ಲಿ ಯಾವ ಆಜ್ಞೆಯೂ ಇಲ್ಲವಂತೆ.