ರತ್ನಾವತಿ ತಿರುಗಿಸಿದ ಸ್ಕ್ರೂ

ನಾನು ಒಳ್ಳೆಯ ಹೆಂಗಸಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಹೊಟ್ಟೆ ಉರಿಸಿದವರ ಹೊಟ್ಟೆ ಉರಿಯುವುದನ್ನು ನೋಡಲು ನನಗೆ ಇಷ್ಟ. ಅದಕ್ಕೇ ರತ್ನಾವತಿಯ ಕಥೆಯನ್ನು ನಾನೇ ಹೇಳಬೇಕು. ಬೇರೆಯವರ ಕೈಗೆ ಕೊಟ್ಟರೆ ಅವಳನ್ನು ಕ್ಷಮೆಯ ಮೂರ್ತಿ ಮಾಡಿ ಕೂರಿಸಿಬಿಡುತ್ತಾರೆ.

ಠಾಣೆ ಪೂರ್ವದ ಕೋಪರಿಯಲ್ಲಿ, ಸ್ಟೇಷನ್ನಿನಿಂದ ಏಳು ನಿಮಿಷ ನಡೆದರೆ ಸಿಗುವ ಗಲ್ಲಿಯಲ್ಲಿ ನನ್ನ ಹೊಲಿಗೆ ಅಂಗಡಿ. ಪಕ್ಕದ್ದು ರತ್ನಾವತಿಯದು. ಅವಳ ಗಂಡ ತಾರಾನಾಥ ಕಾಪು ಕಡೆಯವನು. ಮರ ಕೊಯ್ಯುವ ಮಿಷನ್ ರಿಪೇರಿಯಲ್ಲಿ ಅವನದು ದೊಡ್ಡ ಹೆಸರು. ಏಪ್ರಿಲ್ ಬಂತೆಂದರೆ ಕಲ್ಯಾಣದಿಂದ ಕಾಮೋಠೆಯವರೆಗಿನ ಸೊಸೈಟಿಗಳು ಮಳೆಗೆ ಮೊದಲು ಕೊಂಬೆ ಕಡಿಸಲು ಓಡಾಡುತ್ತವೆ. ಆಗ ಕಂತ್ರಾಟುದಾರರೆಲ್ಲ ಅವನ ಬಾಗಿಲಲ್ಲೇ.

ಅವನ ಕೆಲಸ ಇಷ್ಟು. ಹೊಸ ಮಿಷನ್ನಿನ ಸೈಲೆನ್ಸರ್‌ನಲ್ಲಿ ಹೊಗೆ ಹೋಗುವ ತೂತು ಬಹಳ ಸಣ್ಣದು. ಅದನ್ನು ಬಿಚ್ಚಿ, ತೂತು ಅಗಲ ಮಾಡಿ, ಒಳಗಿನ ಅಡ್ಡ ತಗಡನ್ನು ಕತ್ತರಿಸಿದರೆ ಎಂಜಿನ್ ಸರಾಗವಾಗಿ ಉಸಿರಾಡುತ್ತದೆ, ಹಸಿ ಮಳೆಮರದ ದಿಮ್ಮಿಯೂ ಬೇಗ ಬೀಳುತ್ತದೆ. ಆದರೆ ಅಲ್ಲಿಗೆ ಕೆಲಸ ಅರ್ಧ ಮಾತ್ರ. ಹೊಗೆ ಬೇಗ ಹೋದರೆ ಗಾಳಿ ಹೆಚ್ಚು ಒಳಬರುತ್ತದೆ, ಪೆಟ್ರೋಲು ಸಾಲದಾಗುತ್ತದೆ. ಕಾರ್ಬೋರೇಟರಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಪೆಟ್ರೋಲು ಹೆಚ್ಚಿಸದಿದ್ದರೆ ಎಂಜಿನ್ ಒಣಗಿ ಉರಿದು, ಪಿಸ್ಟನ್ ಗೀರಿಕೊಂಡು ಸೀಜ್ ಆಗಿ ನಿಂತುಬಿಡುತ್ತದೆ. ಎಷ್ಟು ಸಡಿಲಿಸಬೇಕೆಂದು ಹೇಳುವುದು ಕಿವಿ. ಮರ ಮುಟ್ಟದೆ ಜೋರಾಗಿ ಓಡಿಸಿದಾಗ ಮಿಷನ್ ಸ್ವಲ್ಪ ಗೊರಗೊರ ಅನ್ನಬೇಕು. ಮರಕ್ಕೆ ಇಳಿದ ಮೇಲೆ ದನಿ ತಿಳಿಯಾಗಬೇಕು. ಬರಿಗಾಳಿಯಲ್ಲೇ ಕಿರ್ರೆಂದು ಕಿರುಚಿತೋ, ಅದರ ಆಯುಸ್ಸು ಮುಗಿಯಿತು.

ಆ ಕಿವಿ ತಾರಾನಾಥನದಲ್ಲ, ರತ್ನಾವತಿಯದು. ಅವಳಪ್ಪನಿಗೆ ಡೊಂಬಿವಲಿಯಲ್ಲಿ ಪುಟ್ಟ ಹೋಟೆಲು ಇತ್ತು. ಇಡ್ಲಿಗೆ ಉದ್ದು ರುಬ್ಬುವ ಗ್ರೈಂಡರ್ ನೋಡಿಕೊಳ್ಳುವುದು ಇವಳ ಪಾಲು. ಹಿಟ್ಟು ಹದಕ್ಕೆ ಬಂದಾಗ ಕಲ್ಲಿನ ದನಿ ದಪ್ಪವಾಗುತ್ತದಂತೆ. ಪಕ್ಕದ ಕೋಣೆಯಲ್ಲಿ ಕೂತು ಲೆಕ್ಕದ ಪಾಠ ಬರೆಯುತ್ತಲೇ, "ಅಪ್ಪಾ, ಆಯ್ತು" ಎಂದು ಕೂಗುತ್ತಿದ್ದಳಂತೆ. ತಾರಾನಾಥ ತೂತು ಕೊರೆದು ಮಿಷನನ್ನು ಹಿಂದೆ ಇದ್ದ ಇವಳಿಗೆ ದಾಟಿಸುತ್ತಿದ್ದ. ಇವಳು ಚಹಾ ಉಕ್ಕದ ಹಾಗೆ ಸ್ಟವ್ ಸಣ್ಣ ಮಾಡಿ, ಸದ್ದು ತಾಗದಿರಲೆಂದು ಕಿವಿಗಿಟ್ಟ ಹತ್ತಿ ತೆಗೆದು, ಅರ್ಧ ನಿಮಿಷ ಸ್ಕ್ರೂ ತಿರುಗಿಸಿ, ಮತ್ತೆ ಹತ್ತಿ ತುರುಕಿಕೊಳ್ಳುತ್ತಿದ್ದಳು.

ಅಂಗಡಿಯಲ್ಲಿ ಇನ್ನೊಬ್ಬನಿದ್ದ, ಕಿಟ್ಟು. ತಾರಾನಾಥನ ಚಿಕ್ಕಪ್ಪನ ಮಗ. ಸೈಲೆನ್ಸರ್ ಬಿಚ್ಚುವುದು, ಕೊರೆಯುವುದು ಎಲ್ಲ ಕಲಿತಿದ್ದ. ಕಿವಿಗೆ ಹತ್ತಿ ಇಟ್ಟುಕೋ ಎಂದರೆ, "ಅದೆಲ್ಲ ಹೆಂಗಸರಿಗೆ ಅಣ್ಣಾ" ಎಂದು ನಗುತ್ತಿದ್ದ.

ಮೂರು ವರ್ಷದ ಹಿಂದೆ ತಾರಾನಾಥ ಕಾಮಾಲೆಯಲ್ಲಿ ತೀರಿಕೊಂಡ. ಡೊಂಬಿವಲಿಯ ಹಾಲ್‌ನಲ್ಲಿ ಉತ್ತರಕ್ರಿಯೆಯ ಊಟ, ನಮ್ಮ ಕಡೆಯವರು ಬೊಜ್ಜ ಅನ್ನುವುದು. ನಾನೂ ಎಲೆಯ ಮುಂದೆ ಕೂತಿದ್ದೆ. ಕಂತ್ರಾಟುದಾರ ದೇಜಪ್ಪ, ಇನ್ನು ಮಿಷನ್ ಎಲ್ಲಿಗೆ ತರುವುದು ಎಂದು ಕೇಳಿದ. ಆಗ ಕಿಟ್ಟು ಪಾಯಸದ ಕೈಯನ್ನೇ ಎತ್ತಿ ಹೇಳಿದ, "ನನ್ನ ಹತ್ರ ತನ್ನಿ. ಅತ್ತಿಗೆಗೆ ಏನು ಗೊತ್ತುಂಟು? ಅವರು ಅಂಗಡಿಯಲ್ಲಿ ಚಾ ಮಾಡಿದ್ದು ಅಷ್ಟೇ."

ನಾಲ್ಕು ಪಂಕ್ತಿ ಜನ ಕೇಳಿಸಿಕೊಂಡರು. ಕೆಲವರು ನಕ್ಕರು. ರತ್ನಾವತಿ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. ನನಗೆ ಎದ್ದು ಅವನ ಎಲೆಗೆ ನೀರು ಸುರಿಯಬೇಕೆನಿಸಿತು. ಅಂದು ಸುಮ್ಮನಿದ್ದುದಕ್ಕೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ. ಊರಿಗೆ ಮರಳುವವರನ್ನೆಲ್ಲ ಬಸ್ಸು ಹತ್ತಿಸಿ ಬಂದ ಮೇಲೆ ಅವಳು ನನಗೆ ಹೇಳಿದಳು, "ವಸಂತಿ, ಇವ ಒಂದು ದಿನ ನನ್ನ ಬಾಗಿಲಿಗೆ ಬರ್ಬೇಕು. ಸ್ಕ್ರೂ ತಿರುಗಿಸಿದ್ದು ಯಾರು ಅಂತ ಹತ್ತು ಜನರ ಎದುರು ಅವನ ಬಾಯಿಂದಲೇ ಬರ್ಬೇಕು. ಅಲ್ಲಿವರೆಗೆ ನನಗೆ ಸಮಾಧಾನ ಇಲ್ಲ ಮಾರಾಯ್ತಿ."

ಕಿಟ್ಟು ತಾರಾನಾಥನ ಹೆಸರಿದ್ದ ಬೋರ್ಡನ್ನೇ ಕಳಚಿಕೊಂಡು ಹೋಗಿ ಕೋಪರಖೈರಣೆಯಲ್ಲಿ ಅಂಗಡಿ ಹಾಕಿದ. ತೂತನ್ನು ಅಣ್ಣನಿಗಿಂತ ಅಗಲ ಮಾಡಿದ. ಅವನ ಮಿಷನ್ ಚಾಲೂ ಆದರೆ ಮೂರು ಬಿಲ್ಡಿಂಗಿನ ಕಿಟಕಿ ನಡುಗುತ್ತಿತ್ತು. ಗಿರಾಕಿಗಳಿಗೆ ಅದೇ ಬೇಕಿತ್ತು. "ಆವಾಜ್ ಪಾಯಿಜೆ", ಸದ್ದು ಬೇಕು, ಎಂದು ಹೆಚ್ಚು ಕೊಟ್ಟು ಮಾಡಿಸಿಕೊಂಡರು. ಸದ್ದು ಹೆಚ್ಚಾದರೆ ಶಕ್ತಿ ಹೆಚ್ಚು ಎಂದು ತಿಳಿದ ಪೆದ್ದರು.

ಮೊದಲ ಮೇ ತಿಂಗಳಲ್ಲೇ ಅವನು ತೂತು ಅಗಲ ಮಾಡಿದ ಮಿಷನ್ ಒಂದು ಸತ್ತು, ರತ್ನಾವತಿ ಒಬ್ಬಳೇ ನಡೆಸುತ್ತಿದ್ದ ಕೋಪರಿಯ ಅಂಗಡಿಗೆ ಬಂತು. ರತ್ನಾವತಿ ಬಿಚ್ಚಿ ನೋಡಿದಳು. ಪಿಸ್ಟನ್ ಮೈಯೆಲ್ಲ ಬೆಕ್ಕು ಪರಚಿದ ಹಾಗೆ ಗೀರು. ಹೊಸದು ಹಾಕಿ, ಸ್ಕ್ರೂ ಹದ ಮಾಡಿ ಕಳಿಸಿದಳು. ಹಾಳಾದ ಪಿಸ್ಟನ್ನನ್ನು ತಂತಿಗೆ ಪೋಣಿಸಿ ಕಿಟಕಿಗೆ ತೂಗುಹಾಕಿದಳು. ಸ್ಕ್ರೂ ಸಡಿಲಿಸು ಎಂದು ಕಿಟ್ಟುವಿಗೆ ಒಂದು ಫೋನ್ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಎರಡು, ಮೂರು, ನಾಲ್ಕು ಎಂದು ತಂತಿ ತುಂಬುತ್ತ ಹೋಯಿತು. ಗಾಳಿ ಬಂದರೆ ಕಿಣಿಕಿಣಿ ಅನ್ನುತ್ತಿತ್ತು. ಬ್ಲೌಸಿಗೆ ಹುಕ್ಕು ಹಾಕುತ್ತ ಆ ಸದ್ದು ಕೇಳುವುದೆಂದರೆ ನನಗೆ ಎಷ್ಟು ಖುಷಿಯೋ!

ತಂತಿಯಲ್ಲಿ ಆರಾಗಿದ್ದವು. ಈ ವರ್ಷ ಏಳನೆಯದಾಗಿ ದೇಜಪ್ಪನ ಮಿಷನ್ನೇ ಹೋಯಿತು. ಅವನ ಆಳು ಗುಲ್‌ಮೊಹರಿನ ಮೇಲೆ ಹಗ್ಗದಲ್ಲಿ ನೇತಾಡುತ್ತಿದ್ದಾಗ ಅರ್ಧ ಕೊಯ್ದ ಕೊಂಬೆಯಲ್ಲೇ ಮಿಷನ್ ಸತ್ತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ದೇಜಪ್ಪನ ಪಿತ್ತ ನೆತ್ತಿಗೇರಿತು. ಮರುದಿನ ಬೆಳಿಗ್ಗೆ ಸತ್ತದ್ದನ್ನೂ, ಕಿಟ್ಟು ಆಗಷ್ಟೇ ತೂತು ಅಗಲ ಮಾಡಿಕೊಟ್ಟ ಇನ್ನೊಂದನ್ನೂ, ಕಿಟ್ಟುವನ್ನೂ ಟೆಂಪೋದಲ್ಲಿ ಹೇರಿಕೊಂಡು ನಮ್ಮ ಗಲ್ಲಿಗೆ ಬಂದ.

"ರತ್ನಕ್ಕ, ಇವನಿಗೆ ಕಲಿಸಿ. ಕಲಿಯದಿದ್ರೆ ಇನ್ನು ನನ್ನ ಒಂದು ಮಿಷನ್ನೂ ಇವ ಮುಟ್ಟುದು ಬೇಡ."

ಕಿಟ್ಟು ಬೋರಲು ಹಾಕಿದ ಡಬ್ಬದ ಮೇಲೆ ಕೂತ. ರತ್ನಾವತಿ ಸ್ಟವ್ ಹಚ್ಚಿ, ನಿಧಾನವಾಗಿ ಚಹಾ ಕುದಿಸಿ, ಗ್ಲಾಸು ಅವನ ಕೈಗಿಟ್ಟಳು.

"ಕುಡಿ. ನನಗೆ ಬರುದು ಇದೊಂದೇ ಅಲ್ವಾ?"

ಅವನು ಸುಮ್ಮನೆ ಹಲ್ಲು ಕಿರಿದ. ಅವಳು ಎರಡನೆಯ ಮಿಷನ್ ಚಾಲೂ ಮಾಡಿ ಸ್ಕ್ರೂ ಸಡಿಲಿಸಿದಳು. ಗೊರಗೊರ ಎಂದಿತು. ಬಿಗಿ ಮಾಡಿದಳು. ಕಿರ್ರೆಂದಿತು. ನನ್ನಂಥ ದರ್ಜಿಗೂ ತಿಳಿಯುವಷ್ಟು ವ್ಯತ್ಯಾಸ. ಯಾವುದು ಸರಿ ಎಂದು ಅವಳು ಕೈಸನ್ನೆಯಲ್ಲಿ ಕೇಳಿದಳು. ಮಿಷನ್ ಕಿರುಚಿದ್ದೇ ಸರಿ ಎಂದು ಕಿಟ್ಟು ತಲೆಯಾಡಿಸಿದ. ಇನ್ನೊಮ್ಮೆ ಮಾಡಿದಳು. ಈ ಸಲ ಅವನು ಮಿಷನ್ ಕಡೆ ನೋಡಲೇ ಇಲ್ಲ, ಅವಳ ಮುಖವನ್ನೇ ನೋಡುತ್ತ ಅಂದಾಜಿಗೆ ಬೆರಳು ತೋರಿಸಿದ. ಮತ್ತೆ ತಪ್ಪು.

ರತ್ನಾವತಿ ಮಿಷನ್ ಆರಿಸಿದಳು. ಅವನ ಬೆನ್ನ ಹಿಂದೆ ಹೋಗಿ ನಿಂತು, "ಕಿಟ್ಟು" ಎಂದಳು. ಅವನು ತಿರುಗಲಿಲ್ಲ. ಸ್ವಲ್ಪ ಗಟ್ಟಿಯಾಗಿ, "ಕಿಟ್ಟು" ಎಂದಳು. ಚಹಾ ಹೀರುತ್ತಲೇ ಇದ್ದ. ದೇಜಪ್ಪ ನನ್ನ ಮುಖ ನೋಡಿದ. ನಾನು ನಕ್ಕೇಬಿಟ್ಟೆ. ಅವನೇ ಮಾರಿದ ಸದ್ದು ಅವನ ಕಿವಿಯನ್ನೇ ತಿಂದಿತ್ತು. ನನಗೆ ಒಂದು ಚೂರೂ ಕನಿಕರ ಬರಲಿಲ್ಲ.

ಅವಳು ನಗಲಿಲ್ಲ. ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಪ್ರತಿ ಅಕ್ಷರವನ್ನೂ ಬಿಡಿಸಿ ಬಿಡಿಸಿ ಕೇಳಿದಳು. "ಬೊಜ್ಜದ ದಿನ ಏನು ಹೇಳಿದ್ದೆ? ಅಂಗಡಿಯಲ್ಲಿ ಸ್ಕ್ರೂ ತಿರುಗಿಸಿದ್ದು ಯಾರು?"

ಕಿಟ್ಟು ಅವಳ ತುಟಿ ನೋಡಿ ಅರ್ಥಮಾಡಿಕೊಂಡ. ಗಲ್ಲಿಯ ಕಡೆ ಕಣ್ಣು ಹಾಯಿಸಿದ. ತರಕಾರಿ ಗಾಡಿಯವನ ಸುತ್ತ ಏಳೆಂಟು ಹೆಂಗಸರಿದ್ದರು, ನನ್ನ ಬಾಗಿಲಲ್ಲಿ ಇಬ್ಬರು ಗಿರಾಕಿಗಳು. ಅವರಿಗೆಲ್ಲ ಕೇಳಿಸಬಾರದೆಂದು ಗ್ಲಾಸು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ. ಪಿಸುಗುಟ್ಟಿದೆನೆಂದು ಅವನು ತಿಳಿದಿದ್ದ, ಅಷ್ಟೇ. ತರಕಾರಿಯವನ ಕೈಯಲ್ಲಿದ್ದ ತಕ್ಕಡಿ ನಿಂತಿತು.

"ನೀವೇ ಅತ್ತಿಗೆ! ಅಣ್ಣನಿಗೂ ಅದು ಬರ್ತಿರ್ಲಿಲ್ಲ! ಬೊಜ್ಜದ ದಿನವೂ ನನಗೆ ಗೊತ್ತಿತ್ತು! ಯಾರಿಗೂ ಹೇಳ್ಬೇಡಿ!"

ಇಡೀ ಗಲ್ಲಿ ನಮ್ಮ ಕಡೆ ತಿರುಗಿ ನಿಂತಿತ್ತು. ಕಣ್ಣೆದುರು ನೋಡಿದ್ದರೂ ಆ ಸ್ಕ್ರೂವಿನ ಬೆಲೆ ಅವನಿಗೆ ಗೊತ್ತೇ ಇರಲಿಲ್ಲವೇನೋ ಎಂದು ಮೂರು ವರ್ಷ ನಾವು ಅಂದುಕೊಂಡಿದ್ದೆವು. ರತ್ನಾವತಿ ಕಿಟಕಿಯ ತಂತಿ ಬಿಚ್ಚಿ, ಆರು ಪಿಸ್ಟನ್ನನ್ನೂ ಅವನ ಮಡಿಲಿಗೆ ಹಾಕಿದಳು.

"ಹೇಳುದಿಲ್ಲ" ಎಂದಳು ಮೆಲ್ಲಗೆ. ಅದು ಅವನಿಗೆ ಕೇಳಿಸಲಿಲ್ಲ.